ಟೀ-ಶರ್ಟ್ ಬ್ಯಾಡ್ರಿ, ಮಂಗಳವಾರ ಒಂದ್ ತಾಸು ಕೊಡ್ರಿ

ನೇರವಾಗಿ ಹೇಳಿಬಿಡ್ತೀನಿ. ನೌಕರಿ ಮಾಡೋ ನಮ್ಮಂಥವರ ಸಮಾಜಸೇವೆಯ ಬಹುಪಾಲು ನಮ್ಮ ಕ್ಯಾಲೆಂಡರಿಗೆ ಮಾಡಿದ ಸೇವೆ, ಊರಿಗೆ ಮಾಡಿದ್ದಲ್ಲ. ನಮಗೆ ರಜೆ ಇದ್ದ ದಿನವೇ ಊರಿಗೆ ಕಷ್ಟ ಇರಬೇಕು. ನಮಗೆ ಖುಷಿ ಕೊಡೋ ಕೆಲಸವೇ ಊರಿಗೆ ಬೇಕಾಗಿರಬೇಕು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು, ಫೋಟೊದಲ್ಲಿ ಎಲ್ಲರೂ ನಗ್ತಾ ಇರಬೇಕು.

ದೃಶ್ಯ ನಿಮಗೆ ಗೊತ್ತಿರೋದೇ. ಸವದತ್ತಿ ಕಡೆಯ ಯಾವುದೋ ಒಂದು ಸರ್ಕಾರಿ ಶಾಲೆ, ರವಿವಾರ ಬೆಳಿಗ್ಗೆ ಅಂದುಕೊಳ್ಳಿ. ಎರಡು ಟೆಂಪೊ ಟ್ರಾವೆಲರ್ ಬಂದು ನಿಲ್ತವೆ. ಒಂದೇ ಬಣ್ಣದ ಟೀ-ಶರ್ಟಿನ ಮೂವತ್ತು ಜನ ಇಳೀತಾರೆ. ಗೋಡೆಗೆ ಬಣ್ಣ, ಅದರ ಮೇಲೆ ಭಾರತದ ನಕಾಶೆ, ನೋಟ್‌ಬುಕ್ಕು, ಬಿಸ್ಕಿಟ್ಟು, ಗ್ರೂಪ್ ಫೋಟೊ. ಅಲ್ಲಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ದರ್ಶನ, ನವಿಲುತೀರ್ಥದಲ್ಲಿ ಡ್ಯಾಮು ಹಿಂದಿಟ್ಟುಕೊಂಡು ಸೆಲ್ಫಿ, ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಪೋಸ್ಟು. ಸಮಾಜದ ಋಣ ತೀರಿತು, ಸೋಮವಾರ ಸ್ಟ್ಯಾಂಡಪ್ ಮೀಟಿಂಗು.

ಈಗ ಅದೇ ರವಿವಾರವನ್ನ ಶಾಲೆ ಕಡೆಯಿಂದ ನೋಡಿ. ಹೆಡ್‌ಮಾಸ್ತರ್ರಿಗೆ ವಾರಕ್ಕೆ ಇದ್ದ ಒಂದು ರಜೆ ಹೋಯ್ತು. ಎಸ್‌ಡಿಎಂಸಿ ಅಧ್ಯಕ್ಷರನ್ನ ಕರೀಬೇಕು, ಕುರ್ಚಿ ತರಿಸಬೇಕು, ಉಪ್ಪಿಟ್ಟು-ಚಹಾ ಆಗಬೇಕು, ಶಾಲು-ಹಾರಕ್ಕೆ ಯಾರೋ ಕೈಯಿಂದ ದುಡ್ಡು ಹಾಕಬೇಕು. ಅವ್ವನ ಜೊತೆ ಹೊಲಕ್ಕೆ ಹೋಗಬೇಕಿದ್ದ, ಇಲ್ಲಾ ಆರಾಮಾಗಿ ಆಡಿಕೊಂಡಿರಬೇಕಿದ್ದ ಮಕ್ಕಳಿಗೆ ಯೂನಿಫಾರ್ಮ್ ಹಾಕಿಸಿ ಸಾಲಾಗಿ ಕೂರಿಸಬೇಕು. ಹೆಡ್‌ಮಾಸ್ತರ್ರು ಬಾಯಿಬಿಟ್ಟು ಏನೂ ಹೇಳೋದಿಲ್ಲ. ಹೇಳೋ ಹಾಗಿದ್ರೆ ಇಷ್ಟೇ ಹೇಳ್ತಿದ್ರು: “ನೀವ್ ಬಂದಿದ್ದು ಭಾಳ ಚಲೋ ಆತ್ರಿ ಸರ. ಆದ್ರ ಗ್ವಾಡಿಗೆ ಬಣ್ಣ ಹಚ್ಚಾವ್ರು ಊರಾಗ ಅದಾರ್ರಿ. ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಸಂಜೀಮುಂದ ಗಣಿತ ಹೇಳಾವ್ರು ಇಲ್ಲರಿ.”

ಸಂಜೀಮುಂದ. ಈ ಒಂದು ಶಬ್ದದ ಮೇಲೆಯೇ ನನ್ನ ತಕರಾರು ನಿಂತಿದೆ. ಊರಿಗೆ ನಮ್ಮ ರವಿವಾರ ಬೇಡ. ಊರಿಗೆ ನಮ್ಮ ವಾರದ ದಿನದ ಸಂಜೆ ಬೇಕು. ಅದೂ ಒಂದು ಸಂಜೆ ಸಾಲದು, ವರ್ಷಪೂರ್ತಿ, ಅದೇ ವಾರ, ಅದೇ ಹೊತ್ತು.

ಬೈಲಹೊಂಗಲ ಉಪವಿಭಾಗವನ್ನೇ ತಗೊಳ್ಳಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಕಿತ್ತೂರು ಹೆದ್ದಾರಿ ಮೇಲಿದೆ, ಉಳಿದ ಮೂರು ಒಳಗೆ. ನಾಲ್ಕರಲ್ಲಿ ಒಂದೂರಿಗೂ ರೈಲು ನಿಲ್ದಾಣ ಇಲ್ಲ. ಓದಿದವರು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಪುಣೆ, ಬೆಂಗಳೂರು ಅಂತ ಬಸ್ಸು ಹತ್ತಿದ್ದಾರೆ. ನಾಗರಪಂಚಮಿಗೆ, ಜಾತ್ರೆಗೆ, ಮದುವೆಗೆ ಬರ್ತಾರೆ, ಹೋಗ್ತಾರೆ. ಹೆಮ್ಮೆಗೇನೂ ಕಮ್ಮಿ ಇಲ್ಲ. 2021ರಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಅಂತ ಹೆಸರು ಬಂದಾಗ ಸಂಭ್ರಮಪಟ್ವಿ. 2024ರ ಅಕ್ಟೋಬರಿನಲ್ಲಿ ಚನ್ನಮ್ಮನ ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿದಾಗ ಡಿಪಿ ಬದಲಾಯಿಸಿದ್ವಿ, ಸ್ಟೇಟಸ್ ಹಾಕಿದ್ವಿ. ಚನ್ನಮ್ಮನ ಸಮಾಧಿ ಇರೋದು ಬೈಲಹೊಂಗಲದಲ್ಲಿ. ಅದೇ ಊರಿನಲ್ಲಿ ಇವತ್ತು ರಾತ್ರಿ ಎಂಟಕ್ಕೆ ಹಾಸ್ಟೆಲಿನಲ್ಲಿ ಕೂತು ವರ್ಗ ಸಮೀಕರಣದ ಮೇಲೆ ತಲೆ ಕೆರೆದುಕೊಳ್ಳೋ ಹುಡುಗಿಗೆ ನಮ್ಮ ಡಿಪಿಯಿಂದ ಏನೂ ಆಗೋದಿಲ್ಲ.

ಹೊತ್ತು ತಪ್ಪಿದ ಸೇವೆ ಏನಾಗ್ತದೆ ಅನ್ನೋದಕ್ಕೆ ರಾಮದುರ್ಗಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2019ರ ಆಗಸ್ಟ್. ಮಲಪ್ರಭೆ ಉಕ್ಕಿದಳು. ನವಿಲುತೀರ್ಥದ ರೇಣುಕಾ ಸಾಗರ ತುಂಬಿ ನೀರು ಹೊರಗೆ ಬಿಟ್ಟಾಗ ಕೆಳಗಿದ್ದ ರಾಮದುರ್ಗ ಪಟ್ಟಣಕ್ಕೂ ಹೊಳೆದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ನೇಕಾರರ ಮನೆಯೊಳಗೆ ಮಗ್ಗ ಮುಳುಗಿದವು. ಆಗ ನಾಡು ಸುಮ್ಮನೆ ಕೂರಲಿಲ್ಲ, ಅದನ್ನ ಒಪ್ಪಲೇಬೇಕು. ರೊಟ್ಟಿ ಬಂತು, ಚಾಪೆ-ಹೊದಿಕೆ ಬಂತು, ಲಾರಿಗಟ್ಟಲೆ ಬಟ್ಟೆ ಬಂತು. ರೊಟ್ಟಿ ಬಡಿದು ಕಳಿಸಿದ ಅಕ್ಕಪಕ್ಕದ ಹಳ್ಳಿಯ ಅವ್ವಂದಿರಿಗೆ ನನ್ನ ನಮಸ್ಕಾರ ಯಾವತ್ತೂ ಇದೆ. ಹಸಿವು ಆಗಲೇ ಇತ್ತು, ರೊಟ್ಟಿಯೂ ಆಗಲೇ ಬಂತು.

ಆದರೆ ನೆರೆ ಅನ್ನೋದು ನೀರು ಇಳಿದ ಮೇಲೆ ಶುರುವಾಗ್ತದೆ. ಸರ್ಕಾರ ತುರ್ತಿಗೆ ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು. ಬಿದ್ದ ಮನೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿತು. ಪೂರ್ತಿ ಹೋದ ಮನೆಗೆ 5 ಲಕ್ಷ ಅಂದಿತು. ಆ 5 ಲಕ್ಷ ಒಂದೇ ಸಲಕ್ಕೆ ಕೈಗೆ ಬರೋದಲ್ಲ. ಪಾಯ ಆಯ್ತು, ಫೋಟೊ ಅಪ್‌ಲೋಡು, ಒಂದು ಕಂತು. ಗೋಡೆ ಎದ್ದಿತು, ಮತ್ತೆ ಫೋಟೊ, ಮತ್ತೊಂದು ಕಂತು. ಇದರ ನಡುವೆ ಉತಾರದಲ್ಲಿ ಮನೆ ಇನ್ನೂ ಸತ್ತುಹೋದ ಅಜ್ಜನ ಹೆಸರಿನಲ್ಲಿ. ಆಧಾರದಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಎ ಆಗಬೇಕಾದ ಮನೆ ಸಿ ಆಗಿ ಕೂತಿದ್ರೆ ಮರುಪರಿಶೀಲನೆಗೆ ಅರ್ಜಿ. ಬಾಡಿಗೆ ಮನೆಯಲ್ಲಿ ಮಗ್ಗ ಹೂಡಿದವನದ್ದು ಬೇರೆಯೇ ಫಜೀತಿ.

ಇದೆಲ್ಲಾ ಯಾರ ಕೆಲಸ ಹೇಳಿ? ಫಾರ್ಮು ತುಂಬೋದು, ದಾಖಲೆ ಹೊಂದಿಸೋದು, ಪೋರ್ಟಲಿನಲ್ಲಿ ಹಾಕೋದು, ಎಲ್ಲಿ ನಿಂತಿದೆ ಅಂತ ಫಾಲೋಅಪ್ ಮಾಡೋದು, ಮೇಲಿನವರಿಗೆ ಗಟ್ಟಿಯಾಗಿ ಒಂದು ಪತ್ರ ಬರೆಯೋದು. ನಾನು, ನೀವು ದಿನಾ ಸಂಬಳ ತಗೊಂಡು ಮಾಡೋ ಕೆಲಸವೇ ಇದು! ಆಗಸ್ಟಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳೋಕೆ ನಮಗೆ ಯಾವ ಟ್ರೇನಿಂಗೂ ಇರಲಿಲ್ಲ, ಆದ್ರೂ ಹೋದ್ವಿ. ಡಿಸೆಂಬರಿನಲ್ಲಿ ಕಾಗದಪತ್ರಕ್ಕೆ ಬೇಕಾದ ಟ್ರೇನಿಂಗು ನಮಗೇ ಇತ್ತು. ಆಗ ನಾವು ಇಯರ್ ಎಂಡ್ ಟ್ರಿಪ್ಪಿನಲ್ಲಿದ್ವಿ.

ನಮ್ಮ ರೈತರಿಗೆ ಇದು ಪಾಠ ಮಾಡಿ ತಿಳಿಸೋ ಮಾತಲ್ಲ. ಅವರು ಅದಕ್ಕೆ ಹದ ಅಂತಾರೆ. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಬಿತ್ತಬೇಕು. ಎರೆಮಣ್ಣು ಎರಡು ದಿನ ತಡ ಆದ್ರೂ ಕೇಳೋದಿಲ್ಲ. ಅದಕ್ಕೇ ಮುಯ್ಯಾಳು ಅನ್ನೋ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಾಳಿಗೆ ಹೋಗೋನು ತನಗೆ ಯಾವಾಗ ಬಿಡುವು ಅಂತ ಕೇಳ್ತಿರಲಿಲ್ಲ, ಹೊಲಕ್ಕೆ ಯಾವಾಗ ಹದ ಅಂತ ಕೇಳ್ತಿದ್ದ. ನಮ್ಮ ಕಾರ್ಪೊರೇಟ್ ಸೇವೆಯಲ್ಲಿ ಹೊಲವೇ ನಮ್ಮ ಬಿಡುವಿಗೆ ಕಾಯಬೇಕು.

ಇನ್ನೊಂದು ಉದಾಹರಣೆ ರಕ್ತದ್ದು. ಹುಟ್ಟುಹಬ್ಬಕ್ಕೆ, ಜಯಂತಿಗೆ, ಕಂಪನಿಯ ಆ್ಯನಿವರ್ಸರಿಗೆ ಒಂದೇ ದಿನ ನೂರಾರು ಬಾಟಲಿ ಅಂತ ಬ್ಯಾನರ್ ಬೀಳ್ತದೆ. ರಕ್ತಕ್ಕೂ ಎಕ್ಸ್‌ಪೈರಿ ಡೇಟ್ ಇದೆ ಮಾರಾಯ್ರೆ. ಕೆಂಪುಕಣ ಉಳಿಯೋದು 35ರಿಂದ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ. ಹೆರಿಗೆ, ಆ್ಯಕ್ಸಿಡೆಂಟು ನಿಮ್ಮ ಜಯಂತಿ ನೋಡಿಕೊಂಡು ಬರೋದಿಲ್ಲ. ಆರೋಗ್ಯವಂತ ಗಂಡಸು 90 ದಿನಕ್ಕೊಮ್ಮೆ, ಹೆಂಗಸು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. ಹತ್ತು ಜನ ಗೆಳೆಯರು ಒಂದೇ ದಿನ ಕೊಟ್ಟು ಫೋಟೊ ಹಾಕೋ ಬದಲು, ವಾರಕ್ಕೊಬ್ಬರ ಹಾಗೆ ಸರದಿ ಹಾಕಿಕೊಂಡು ಆಫೀಸು ಮುಗಿಸಿ ಹೋಗಿ ಕೊಟ್ಟು ಬಂದ್ರೆ ಬ್ಯಾನರ್ ಆಗೋದಿಲ್ಲ, ಜೀವ ಉಳೀತದೆ.

ಹಾಗಾದ್ರೆ ಆ ಮಂಗಳವಾರದ ಒಂದು ತಾಸಿನಲ್ಲಿ ಏನು ಮಾಡೋದು? ಮೊದಲನೇದು, ನಿಮಗೆ ಬರೋ ಕೆಲಸ ಮಾಡಿ. ಎಂಜಿನಿಯರ್ ಆಗಿ ಗೋಡೆಗೆ ಬಣ್ಣ ಬಳಿಯೋದು ವಿನಯ ಅಲ್ಲ, ದಂಡ.

ಗಣಿತ-ವಿಜ್ಞಾನ ಗೊತ್ತಿದ್ದವರು ಒಂದು ಹಾಸ್ಟೆಲಿನ ಎಸ್ಸೆಸ್ಸೆಲ್ಸಿ ಮಕ್ಕಳನ್ನ ಹಿಡಿದುಕೊಳ್ಳಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲುಗಳ ಮಕ್ಕಳು ಓದಿಗೆ ಕೂರೋದು ಸಂಜೆ-ರಾತ್ರಿ. ನಿಮ್ಮ ಆಫೀಸು ಮುಗಿಯೋದೂ ಅದೇ ಹೊತ್ತಿಗೆ. ಬೆಂಗಳೂರಿನಿಂದ ಐನೂರು ಕಿಲೋಮೀಟರ್ ಹತ್ತಿರ ಬರಬೇಕಿಲ್ಲ. ಒಂದು ವಿಡಿಯೊ ಕಾಲು, ಅಲ್ಲಿ ಒಂದು ಟೀವಿ ಇಲ್ಲಾ ವಾರ್ಡನ್ ಫೋನು ಸಾಕು. ಆದರೆ ನಿಯಮ ಗಟ್ಟಿಯಾಗಿರಲಿ. ಇಲಾಖೆಯ ತಾಲ್ಲೂಕು ಅಧಿಕಾರಿಯಿಂದ ಲಿಖಿತ ಅನುಮತಿ ತಗೊಳ್ಳಿ. ಕ್ಲಾಸು ಯಾವಾಗಲೂ ಗುಂಪಿಗೇ ಇರಲಿ, ವಾರ್ಡನ್ನೋ ಶಿಕ್ಷಕರೋ ಎದುರಿಗೇ ಇರಲಿ. ಯಾವ ಮಗುವಿನ ನಂಬರೂ ನಿಮ್ಮ ಫೋನಿನಲ್ಲಿ ಬೇಡ. ಮಕ್ಕಳ ಫೋಟೊ ಅಂತೂ ಬೇಡವೇ ಬೇಡ. ಇದು ಕಿರಿಕಿರಿ ಅನ್ನಿಸಿದ್ರೆ ಮಕ್ಕಳ ಕೆಲಸಕ್ಕೆ ನೀವು ತಯಾರಿಲ್ಲ ಅಂತಲೇ ಅರ್ಥ.

ಮಕ್ಕಳು ಬೇಡ ಅಂದ್ರೆ ದೊಡ್ಡವರಿದ್ದಾರೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಹೆಂಗಸರ ಸಾಕ್ಷರತೆ ಶೇ 65ರ ಆಸುಪಾಸು. ಅಂದ್ರೆ ಮೂವರಲ್ಲಿ ಒಬ್ಬಾಕೆಗೆ ಓದು ಬಂದಿರಲಿಲ್ಲ. 15 ವರ್ಷ ಮೇಲ್ಪಟ್ಟವರಿಗೆ ಅಕ್ಷರ ಕಲಿಸೋಕೆ 2022ರಿಂದ ಉಲ್ಲಾಸ್ ಅನ್ನೋ ಕಾರ್ಯಕ್ರಮ ನಡೀತಿದೆ. ಅದು ನಿಂತಿರೋದೇ ಸಂಬಳ ಇಲ್ಲದ ಸ್ವಯಂಸೇವಕರ ಮೇಲೆ. ಓದು, ಬರಹ, ಲೆಕ್ಕ, ತಲಾ 50ರ ಹಾಗೆ 150 ಅಂಕದ ಪರೀಕ್ಷೆ. ಹಗಲೆಲ್ಲಾ ಹೊಲದಲ್ಲಿ, ಇಲ್ಲಾ ಮಗ್ಗದ ಮುಂದೆ ಇರೋ ಹೆಣ್ಣುಮಗಳು ಹಗಲು ಹನ್ನೊಂದಕ್ಕೆ ಅಕ್ಷರ ಕಲೀತಾಳಾ? ರೊಟ್ಟಿ ಕೆಲಸ ಮುಗಿದ ಮೇಲೆ, ರಾತ್ರಿಯೇ ಆಕೆಗೆ ಪುರುಸೊತ್ತು. ಬೈಲಹೊಂಗಲದ ಬ್ಯಾಂಕಿನಲ್ಲಿ, ಕಿತ್ತೂರಿನ ಆಫೀಸಿನಲ್ಲಿ ಕೆಲಸ ಮಾಡೋ ನಮ್ಮ ವಾರಗೆಯವರೇ, ಈ ಮಾತು ನಿಮಗೆ. ಬೆಂಗಳೂರಿನವರು ಫೋನಿನಲ್ಲಿ ಅ-ಆ ಕಲಿಸೋಕೆ ಆಗೋದಿಲ್ಲ. ನೀವು ಅಲ್ಲೇ ಇದ್ದೀರಿ.

ಅಕೌಂಟ್ಸ್ ಗೊತ್ತಿದ್ದವರು ಒಂದು ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ತಿಂಗಳಿಗೊಮ್ಮೆ ತಾಳೆ ನೋಡಿ. ವಕೀಲರಿದ್ದರೆ, ಹೆಂಗಸರಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ ಅನ್ನೋದನ್ನ 1987ರ ಕಾನೂನೇ ಹೇಳ್ತದೆ. ಆ ಒಂದು ಸಾಲು ತಲುಪಬೇಕಾದವರಿಗೆ ತಲುಪಿಸಿ, ಅರ್ಜಿ ಬರೆದುಕೊಡಿ. ಇಂಗ್ಲಿಷ್ ಚೆನ್ನಾಗಿದ್ದರೆ ಸ್ಕಾಲರ್‌ಶಿಪ್ ಫಾರ್ಮು ತುಂಬಿಸಿ. ಇದ್ಯಾವುದೂ ರೀಲ್ಸ್ ಆಗೋದಿಲ್ಲ. ಆಗದಿರೋದೇ ಒಳ್ಳೇದು.

ಈಗ ನಿಮ್ಮ ಆಕ್ಷೇಪಗಳಿಗೆ ಬರೋಣ.

“ಏನೂ ಮಾಡದೇ ಇರೋದಕ್ಕಿಂತ ವರ್ಷಕ್ಕೆ ಒಂದು ದಿನವಾದರೂ ಮೇಲಲ್ವಾ?” ಯಾವಾಗಲೂ ಅಲ್ಲ. ಒಂದು ದಿನ ಬಂದು ಹೋಗೋರ ಆತಿಥ್ಯದ ಖರ್ಚು ಊರಿಗೇ ಬೀಳ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ನಷ್ಟ. ಪ್ರೀತಿಯಿಂದ ಮಾತಾಡಿಸಿ, ಮತ್ತೆ ಬರ್ತೀವಿ ಅಂತ ಕೈಬೀಸಿ ಹೋದವರು ಮತ್ತೆ ಬರೋದಿಲ್ಲ ಅಂತ ಅವು ಬೇಗ ಕಲೀತಾವೆ.

“ದುಡ್ಡು ಕೊಡ್ತೀವಲ್ಲ?” ಕೊಡಿ, ದಯವಿಟ್ಟು ಕೊಡಿ. ಎರಡು ಟೆಂಪೊ ಟ್ರಾವೆಲರ್, ಮೂವತ್ತು ಟೀ-ಶರ್ಟು, ಮೂವತ್ತು ಊಟದ ದುಡ್ಡನ್ನೇ ಕೊಟ್ಟುಬಿಟ್ಟರೆ ಊರಿನ ಪೇಂಟರ್‌ಗೆ ಎರಡು ವಾರ ಕೂಲಿ ಆಗ್ತದೆ, ಗೋಡೆಯೂ ನಿಮ್ಮದಕ್ಕಿಂತ ಚೆಂದ ಕಾಣ್ತದೆ. ಆದರೆ ದುಡ್ಡಿಗೆ ಲೆಕ್ಕ ಹೇಳಿಕೊಡೋಕೆ ಬರೋದಿಲ್ಲ.

“ಇದು ಸರ್ಕಾರದ ಕೆಲಸ, ನಾವ್ಯಾಕೆ ಮಾಡಬೇಕು?” ಆಕ್ಷೇಪಗಳಲ್ಲಿ ತೂಕ ಇರೋದು ಇದೊಂದಕ್ಕೆ. ಸ್ವಯಂಸೇವಕ ಖಾಲಿ ಹುದ್ದೆಗೆ ತೇಪೆ ಆಗಬಾರದು. ಪುಕ್ಕಟೆ ಬರೋರು ಇದ್ದಾರಲ್ಲ ಅಂತ ಸರ್ಕಾರ ಶಿಕ್ಷಕರ ನೇಮಕ ಮುಂದೂಡಬಾರದು. ಆದರೆ ಒಂದು ದಿನ ಬಂದು ಹೋಗೋನಿಗೆ ಹುದ್ದೆ ಖಾಲಿ ಇರೋದು ಗೊತ್ತೇ ಆಗೋದಿಲ್ಲ, ಅವನು ನೋಡಿದ್ದು ಹಾರ-ತುರಾಯಿ. ನಲವತ್ತು ಮಂಗಳವಾರ ಕೂತವನಿಗೆ ಗೊತ್ತಾಗ್ತದೆ: ಗಣಿತದ ಮೇಷ್ಟ್ರು ಎಷ್ಟು ದಿನದಿಂದ ಇಲ್ಲ, ಹಾಸ್ಟೆಲಿಗೆ ಕರೆಂಟು ಎಷ್ಟು ಹೊತ್ತಿಗೆ ಹೋಗ್ತದೆ. ಅವನು 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೇಳಬಹುದು. ಸೇವೆ ಮಾಡಿದವನ ಪ್ರಶ್ನೆಗೆ ಬೇರೆಯೇ ಬಲ ಇರ್ತದೆ. ಪ್ರಶ್ನೆ ಕೇಳದ ಸೇವೆ ಬರೀ ಸಮಾಧಾನ.

“ಟೈಮೇ ಇಲ್ಲ.” ಇದು ಅರ್ಧ ನೆಪ, ಅರ್ಧ ನಿಜ. ನಿಜದ ಅರ್ಧಕ್ಕೆ ನಮ್ಮ ಮಾಲೀಕರು ಉತ್ತರ ಕೊಡಬೇಕು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡೀಬೇಕು, ದೇಶ ಕಟ್ಟಬೇಕು ಅಂದರು. 2024ರ ಜುಲೈನಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ತಾಸಿನವರೆಗೆ ದುಡಿಸಿಕೊಳ್ಳೋಕೆ ದಾರಿ ಮಾಡೋ ಪ್ರಸ್ತಾವವೇ ನಮ್ಮ ರಾಜ್ಯದಲ್ಲಿ ಎದ್ದಿತು, ನೌಕರರ ಸಂಘಟನೆ ಬೀದಿಗಿಳೀಬೇಕಾಯ್ತು. ದಿನಕ್ಕೆ 14 ತಾಸು ಕಂಪನಿಗೆ, 2 ತಾಸು ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ, 7 ತಾಸು ನಿದ್ದೆಗೆ ಕೊಟ್ರೆ ಉಳಿಯೋದು ಒಂದು ತಾಸು. ಸ್ನಾನ, ಊಟ, ಅಪ್ಪ-ಅವ್ವನಿಗೆ ಒಂದು ಫೋನು ಎಲ್ಲಾ ಅದರಲ್ಲೇ. ದೇಶ ಕಟ್ಟೋದು ಅಂದ್ರೆ ಆಫೀಸಿನ ಕುರ್ಚಿಯಲ್ಲಿ ಮಾತ್ರ ಅಂತ ಯಾರು ತೀರ್ಮಾನ ಮಾಡಿದ್ರು? ನೌಕರನ ಸಂಜೆ ಕಿತ್ತುಕೊಂಡು, ವರ್ಷಕ್ಕೊಮ್ಮೆ ಸೇವಾ ದಿನ ಅಂತ ವಾಪಸ್ ಕೊಡೋದು ಮಜ್ಜಿಗೆ ಕಡೆದು ಬೆಣ್ಣೆ ತಾವಿಟ್ಟುಕೊಂಡು ಕಡಗೋಲು ನೆಕ್ಕೋಕೆ ಕೊಟ್ಟಂಗಾಯ್ತು.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಲಾಭದ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನೋ ಸಿಎಸ್‌ಆರ್ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ನೌಕರರು ಕೊಟ್ಟ ಸೇವೆಯ ಸಮಯಕ್ಕೆ ಬೆಲೆ ಕಟ್ಟಿ ಆ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದ್ರೆ ನಿಮ್ಮ ಮಂಗಳವಾರದ ತಾಸು ಕಂಪನಿಯ ಸ್ವತ್ತಲ್ಲ. ಅದಕ್ಕೆ ಕಂಪನಿಯ ಲೋಗೊ ಬೇಕಿಲ್ಲ, ಎಚ್‌ಆರ್ ಅಪ್ರೂವಲ್ ಬೇಕಿಲ್ಲ. ಕಂಪನಿಯಿಂದ ಕೇಳಬೇಕಾದ್ದು ಒಂದೇ: ವಾರಕ್ಕೆ ಒಂದು ಸಂಜೆ ಆರೂವರೆ ನಂತರ ನನಗೆ ಕಾಲ್ ಇಡಬೇಡಿ. ಜಿಮ್‌ಗೆ ಅಂತ ಕ್ಯಾಲೆಂಡರ್ ಬ್ಲಾಕ್ ಮಾಡೋಕೆ ಬರೋರಿಗೆ ಇದೂ ಬರ್ತದೆ.

ನಮ್ಮ ಭಾಗದವರಿಗೆ ಕೆಲಸ ಮುಗಿದ ಮೇಲಿನ ದುಡಿಮೆ ಹೊಸದೇನಲ್ಲ. ಸಣ್ಣಾಟ, ದೊಡ್ಡಾಟ ಕಟ್ಟಿದವರು ಯಾರು? ಹಗಲು ಹೊಲದಲ್ಲಿ ದುಡಿದವರೇ. ಬೈಲಹೊಂಗಲದ ಸಂಗ್ಯಾ ಬಾಳ್ಯಾರ ಕಥೆ ಊರೂರು ತಿರುಗಿದ್ದು ಸಂಬಳದ ನಟರಿಂದಲ್ಲ. ರಾತ್ರಿ ಊಟ ಆದಮೇಲೆ ತಾಲೀಮು, ಒಂದು ದಿನವಲ್ಲ, ತಿಂಗಳುಗಟ್ಟಲೆ. ತಾಲೀಮಿಗೆ ಬರದೆ ಆಟದ ದಿನ ಮಾತ್ರ ಬಣ್ಣ ಹಚ್ಚಿಕೊಂಡು ನಿಲ್ತೀನಿ ಅಂದವನನ್ನ ಮಾಸ್ತರು ರಂಗದ ಮೇಲೆ ಹತ್ತಿಸಿಕೊಳ್ತಿದ್ರಾ? ಸ್ವಯಂಸೇವಕ ಅನ್ನೋ ಶಬ್ದಕ್ಕೂ ನಮ್ಮಲ್ಲಿ ತೂಕ ಇದೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ವೃತ್ತಿಯಿಂದ ಡಾಕ್ಟರು. ಮರುವರ್ಷದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ದುಡಿದ ಸ್ವಯಂಸೇವಕರು ಶಿಸ್ತು ಕಲಿತು ಬಂದವರು. ನಾವು ಆ ಶಬ್ದವನ್ನ ಒಂದು ಔಟಿಂಗಿನ ಮಟ್ಟಕ್ಕೆ ಇಳಿಸಿದೀವಿ.

ಕೊನೆಗೆ ಲೆಕ್ಕ. ಜೂನಿನಿಂದ ಮಾರ್ಚ್‌ವರೆಗೆ ವಾರಕ್ಕೊಂದು ತಾಸು ಅಂದ್ರೆ ಹೆಚ್ಚುಕಮ್ಮಿ 40 ತಾಸು. ಎನ್‌ಎಸ್‌ಎಸ್ ಸೇರಿದ ಹದಿನೆಂಟರ ಹುಡುಗ ಎರಡು ವರ್ಷಕ್ಕೆ 240 ತಾಸು, ಅಂದ್ರೆ ವರ್ಷಕ್ಕೆ 120 ತಾಸು ಕೊಡಬೇಕು. ನಾನು ಕೇಳ್ತಿರೋದು ಅದರ ಮೂರನೇ ಒಂದು ಪಾಲು. ನಿಮ್ಮಲ್ಲಿ ಎಷ್ಟೋ ಜನ ಕಾಲೇಜಿನಲ್ಲಿ ಅಷ್ಟನ್ನೂ ಕೊಟ್ಟವರೇ. ಸಂಬಳ ಬಂದ ಮೇಲೆ ಯಾಕೆ ತುಟ್ಟಿಯಾದ್ರಿ?

ಮೊದಲ ತಿಂಗಳು ಬೇಜಾರಾಗ್ತದೆ. ನೆಟ್‌ವರ್ಕ್ ಹೋಗ್ತದೆ, ಮಕ್ಕಳು ಮಾತಾಡೋದಿಲ್ಲ, ನಿಮ್ಮ ಬೆಂಗಳೂರು ಕನ್ನಡ ಕೇಳಿ ಕಿಸಕ್ಕಂತ ನಗ್ತಾವೆ. ಮೂರನೇ ತಿಂಗಳಿಗೆ ಒಂದು ಹುಡುಗಿ ತಾನಾಗೇ ಎದ್ದು ನಿಂತು, “ಸರ, ಇದೊಂದ್ ಇನ್ನೊಮ್ಮೆ ಹೇಳ್ರಿ” ಅಂತಾಳೆ. ಅದಕ್ಕೆ ಸರ್ಟಿಫಿಕೇಟ್ ಸಿಗೋದಿಲ್ಲ. ಮುಂದಿನ ಮಂಗಳವಾರ ನೀವು ಮತ್ತೆ ಅಲ್ಲಿರಬೇಕಾಗ್ತದೆ, ಅಷ್ಟೇ.